ಕೇಳುವ ಕಸುಬು: ಮಂಡಕಳ್ಳಿಯ ಹಾದಿಯಲ್ಲಿ ಶುಶ್ರೂಷೆ ಮತ್ತು ತೀರ್ಮಾನದ ಹಕ್ಕು

ಮೈಸೂರು–ನಂಜನಗೂಡು ಹೆದ್ದಾರಿಯ ಮಗ್ಗುಲಿನ ಮಂಡಕಳ್ಳಿಯನ್ನು ಹೊರಗಿನವರು ಗುರುತಿಸುವುದು ವಿಮಾನ ನಿಲ್ದಾಣದಿಂದ. ಅದೇ ರಸ್ತೆಯಲ್ಲಿ ಹಗಲೂ ರಾತ್ರಿ ರೋಗಿಗಳ ಓಡಾಟವಿದೆ. ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯವರು ಕೆ.ಆರ್. ಆಸ್ಪತ್ರೆಗೋ, ಹೆರಿಗೆಗೆಂದು ಚೆಲುವಾಂಬ ಆಸ್ಪತ್ರೆಗೋ ಈ ಊರನ್ನು ದಾಟಿ ಬರುತ್ತಾರೆ. ಹಳ್ಳಿಯ ಉಪಕೇಂದ್ರದಿಂದ ನಗರದ ಬೋಧನಾಸ್ಪತ್ರೆಯತ್ತ ಸಾಗಿದಂತೆ ಯಂತ್ರಗಳು ಹೆಚ್ಚುತ್ತವೆ, ತಜ್ಞರು ಹೆಚ್ಚುತ್ತಾರೆ. ನರ್ಸ್ ತಾನಾಗಿ ತೀರ್ಮಾನಿಸಬಹುದಾದ ಸಂಗತಿಗಳು ಮಾತ್ರ ಕಡಿಮೆಯಾಗುತ್ತ ಹೋಗುತ್ತವೆ. ಶುಶ್ರೂಷೆಯಲ್ಲಿ ನಾಯಕತ್ವವೆಂದರೇನು ಎಂಬ ಪ್ರಶ್ನೆಯನ್ನು ಈ ಇಳಿಕೆಯ ಎದುರಿಗಿಟ್ಟು ನೋಡಬೇಕು ಎಂಬುದು ಈ ಲೇಖನದ ವಾದ.

ಮೊದಲು ಪದದ ವಿಚಾರ. 'ಶುಶ್ರೂಷೆ' ಸಂಸ್ಕೃತದ 'ಶ್ರು' ಧಾತುವಿನ ಸನ್ನಂತ ರೂಪದಿಂದ ಬಂದದ್ದು. ಮೂಲಾರ್ಥ 'ಕೇಳುವ ಇಚ್ಛೆ'. ವಿಧೇಯತೆ, ಸೇವೆ ಎಂಬ ಅರ್ಥಗಳು ಅದಕ್ಕೆ ಅಂಟಿಕೊಂಡು ಬೆಳೆದವು. ಚರಕಸಂಹಿತೆಯ ಸೂತ್ರಸ್ಥಾನ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಅಲ್ಲಿ ಪರಿಚಾರಕನಿಗೆ ಬೇಕಾದ ಗುಣಗಳಲ್ಲಿ ಮೊದಲು ಬರುವುದು ಉಪಚಾರದ ಅರಿವು. ಆಮೇಲೆ ದಕ್ಷತೆ, ಅನುರಾಗ, ಶುಚಿತ್ವ. ವಿಧೇಯತೆಯನ್ನು ಆ ಪಟ್ಟಿ ಪ್ರತ್ಯೇಕ ಗುಣವಾಗಿ ಎಣಿಸಿಲ್ಲ. ಅರಿವು ಮೊದಲು ಎಂಬ ಈ ಕ್ರಮ ನನಗೆ ಬಹಳ ಮುಖ್ಯವೆನಿಸುತ್ತದೆ.

ನಮ್ಮ ಆಡುಮಾತಿನಲ್ಲಿ ದಾದಿ, ನರ್ಸಮ್ಮ, ಸಿಸ್ಟರ್ ಎಂದು ಕರೆಸಿಕೊಂಡವರು ಈಗ ಸರ್ಕಾರಿ ಕಡತದಲ್ಲಿ ಶುಶ್ರೂಷಾಧಿಕಾರಿ. ಹಳ್ಳಿಯ ಎಎನ್‌ಎಂ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಹೆಸರಿನೊಳಗೆ 'ಅಧಿಕಾರ' ಬಂದಿದೆ. ಹಾಸಿಗೆಯ ಪಕ್ಕಕ್ಕೆ ಅದು ಎಷ್ಟು ಬಂದಿದೆ?

ಮೈಸೂರಿಗೆ ಈ ಪ್ರಶ್ನೆ ಹೊಸದಲ್ಲ. 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರವರ 'ಮಿಷನ್ ಆಸ್ಪತ್ರೆ', ಹೆಂಗಸರು ಗಂಡು ಡಾಕ್ಟರ ಮುಂದೆ ಬಾಯಿಬಿಡದ ಕಾಲದ್ದು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರವೇ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಿತು. ಅಂಥ ಕಡೆ ಹೆಣ್ಣೊಬ್ಬಳು ಸಂಕೋಚ ಬಿಟ್ಟು ಹೇಳಿದ್ದನ್ನು ಕೇಳಿಸಿಕೊಳ್ಳುವವರಿಲ್ಲದೆ ಚಿಕಿತ್ಸೆ ಶುರುವಾಗುವುದೇ ಸಾಧ್ಯವಿರಲಿಲ್ಲ.

ಇಂದಿನ ಗ್ರಾಮೀಣ ವ್ಯವಸ್ಥೆಯಲ್ಲಿ 1,000 ಜನಕ್ಕೊಬ್ಬ ಆಶಾ, ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ ಎಂಬುದು ಲೆಕ್ಕ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದ ಮೇಲೆ ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆ ಸೇರಿತು. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಬಿಪಿ, ಶುಗರ್ ತಪಾಸಣೆ, ವೈದ್ಯರು ಒಮ್ಮೆ ಬರೆದ ಮಾತ್ರೆಯನ್ನು ತಿಂಗಳು ತಿಂಗಳು ಕೊಡುವುದು, ಯಾರನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕೆಂಬ ನಿರ್ಧಾರ ಇವೆಲ್ಲ ಅವರ ಕೈಯಲ್ಲಿ. ಅದೇ ಓದಿನ ಹುಡುಗಿ ದೊಡ್ಡಾಸ್ಪತ್ರೆಯ ವಾರ್ಡಿಗೆ ಬಂದರೆ ಜ್ವರದ ಮಾತ್ರೆಗೂ ಡಾಕ್ಟರ ಸಹಿಗೆ ಕಾಯುವುದುಂಟು.

ಕೇಳುವುದು ಎಷ್ಟು ಕಷ್ಟದ ಕೆಲಸವೆಂಬುದಕ್ಕೆ ಹೃದಯಾಘಾತ ಒಳ್ಳೆಯ ಉದಾಹರಣೆ. ಈ ಭಾಗದ ರೈತ ಎದೆನೋವು ಎಂದೇ ಹೇಳಬೇಕೆಂದಿಲ್ಲ. 'ಹೊಟ್ಟೆ ಉಬ್ಬರಿಸ್ತದೆ', 'ರಟ್ಟೆ ಸೇದ್ತದೆ', 'ಜೀವ ಒಂಥರಾ ಆಯ್ತದೆ' ಎನ್ನುತ್ತಾನೆ. ಹೃದಯದ ಕೆಳಗೋಡೆಯ ರಕ್ತನಾಳ ಕಟ್ಟಿದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳಬಹುದು. ಮನೆಯವರು ಗ್ಯಾಸ್ಟ್ರಿಕ್ ಎಂದು ಸುಮ್ಮನಾಗುತ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಕೇಂದ್ರದ ತಜ್ಞರಿಗೆ ತಲುಪಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಡಲು ಸಾಧ್ಯ. ಆದರೆ 'ಒಂಥರಾ' ಎಂಬ ಮಾತು ಕೇಳಿ ಇಸಿಜಿ ತೆಗೆಯಬೇಕೆಂದು ಯಾರಿಗಾದರೂ ಹೊಳೆದರೆ ಮಾತ್ರ ಈ ಸರಪಳಿ ಶುರುವಾಗುವುದು. ಬಾಗಿಲಲ್ಲಿ ಆ ಮಾತು ಮೊದಲು ಬೀಳುವುದು ಹೆಚ್ಚಾಗಿ ಸಿಸ್ಟರ್ ಕಿವಿಗೆ.

ಕೇಳಿದ್ದರ ಮೇಲೆ ಕೂಡಲೇ ಕೈಹಾಕುವ ಹಕ್ಕು ಸಿಕ್ಕರೆ ಏನಾಗುತ್ತದೆ? ಹೆರಿಗೆಯ ನಂತರದ ರಕ್ತಸ್ರಾವದ ಬಗ್ಗೆ 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಕೀನ್ಯಾ, ನೈಜೀರಿಯ, ದಕ್ಷಿಣ ಆಫ್ರಿಕಾ, ತಾಂಜಾನಿಯಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಅಧ್ಯಯನವದು. ರಕ್ತವನ್ನು ಅಂದಾಜಿನ ಬದಲು ಅಳತೆಗೆರೆಯಿದ್ದ ಚೀಲದಲ್ಲಿ ಹಿಡಿದರು. ಗೆರೆ ಮುಟ್ಟಿದೊಡನೆ ಗರ್ಭಕೋಶದ ಮಸಾಜು, ಅದು ಬಿಗಿಯುವ ಮದ್ದು, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಶಸ್ತ್ರಕ್ರಿಯೆ ಅಥವಾ ಅದರಿಂದ ಸಾವು ಸೇರಿದ ಅಪಾಯ ಶೇ. 60ರಷ್ಟು ಇಳಿಯಿತು. ಚೀಲದ ಬೆಲೆ ಅಲ್ಪ. ದೊಡ್ಡ ಬದಲಾವಣೆಯೆಂದರೆ, ಹೆರಿಗೆ ಕೋಣೆಯಲ್ಲಿದ್ದವರೇ ಒಂದೊಂದಕ್ಕೂ ಮೇಲಿನವರನ್ನು ಕೇಳುತ್ತ ಕೂರದೆ ಕೆಲಸ ಶುರುಮಾಡಿದ್ದು.

ಹಕ್ಕಿದ್ದರೂ ಕೈಗಳಿಲ್ಲದಿದ್ದರೆ ಕಷ್ಟ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗೊಬ್ಬರು, ಇತರ ಆಸ್ಪತ್ರೆಯಲ್ಲಿ 5 ರೋಗಿಗೊಬ್ಬರು ನರ್ಸ್ ಇರಬೇಕು. 2014ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ, ಯುರೋಪಿನ 9 ದೇಶಗಳ ಅಧ್ಯಯನದಲ್ಲಿ ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಕ್ರಿಯೆಯಾದವರ ಸಾವಿನ ಸಂಭವ ಶೇ. 7ರಷ್ಟು ಏರುತ್ತಿತ್ತು. ಆ ಅಂಕಿಯನ್ನು ನಮ್ಮ ವಾರ್ಡುಗಳಿಗೆ ಹಾಗೇ ಹೊಂದಿಸಲಾಗದು, ಆದರೆ ದಿಕ್ಕು ಅದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸಾಲದ್ದಕ್ಕೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹೊತ್ತೆಲ್ಲ ಇಂಡೆಂಟ್, ದಾಸ್ತಾನು, ರಿಜಿಸ್ಟರುಗಳಿಗೆ ಹೋಗುತ್ತದೆ. ಅನುಭವದಲ್ಲಿ ಎಲ್ಲರಿಗಿಂತ ಹಿರಿಯರಾದವರನ್ನೇ ರೋಗಿಯಿಂದ ಎಲ್ಲರಿಗಿಂತ ದೂರ ಕೂರಿಸಿ ಅದನ್ನು ಬಡ್ತಿ ಎನ್ನುತ್ತಿದ್ದೇವೆ.

1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ಶಿಕ್ಷಣ, ನೋಂದಣಿ ಅದರಿಂದ ಬಿಗಿಯಾಗಬಹುದು. ಹಾಸಿಗೆಯ ಪಕ್ಕದ ಹಕ್ಕು ಮಾತ್ರ ಆಯಾ ಆಸ್ಪತ್ರೆ ಬರೆದುಕೊಡಬೇಕಾದದ್ದು: ಯಾವ ಲಕ್ಷಣಕ್ಕೆ ನರ್ಸ್ ತಾನೇ ಏನು ಶುರುಮಾಡಬಹುದು, ಎಷ್ಟು ನಿಮಿಷದೊಳಗೆ ಡಾಕ್ಟರು ಬರಲೇಬೇಕು ಎಂಬ ಸಹಿಯಾದ ಸ್ಥಾಯೀ ಆದೇಶ. ಡ್ಯೂಟಿ ಬದಲಾಗುವಾಗಿನ ಹ್ಯಾಂಡ್‌ಓವರ್ ಮೇಜಿನ ಬಳಿ ಮುಗಿಯದೆ ರೋಗಿಯ ಎದುರಿಗೆ, ಅವರಿಗೆ ತಿಳಿಯುವ ಕನ್ನಡದಲ್ಲಿ ನಡೆಯಬೇಕು. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ನಡುರಾತ್ರಿ 2 ಗಂಟೆಯ ಒಂದು ವಾರ್ಡನ್ನು ಊಹಿಸಿಕೊಳ್ಳೋಣ. 'ಸಿಸ್ಟ್ರೇ, ನಮ್ಮವ್ವ ಒಂಥರಾ ಉಸ್ರು ಬುಡ್ತಾವ್ಳೆ' ಎಂದು ಮಗಳು ಬಂದು ನಿಲ್ಲುತ್ತಾಳೆ. ನರ್ಸ್ ಹೋಗಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ: 28. ಟ್ರಾಲಿಯ ಮೇಲೆ ಅಂಟಿಸಿದ ಆದೇಶದಲ್ಲಿ 25 ಮತ್ತು ಅದರ ಮೇಲಿನ ಎಣಿಕೆಗೆ ಏನು ಮಾಡಬೇಕೆಂದು ಬರೆದಿದೆ. ಅವರು ತಲೆಯ ಕಡೆ ಮಂಚ ಎತ್ತರಿಸಿ, ಆಕ್ಸಿಜನ್ ಮಟ್ಟ ನೋಡಿ, ಮಾಸ್ಕ್ ಹಾಕಿ, ಆಮೇಲೆ ಫೋನಿಗೆ ಕೈಹಾಕುತ್ತಾರೆ.