ಶ್ರೀ ಪಂಚಾಕ್ಷರಿ ಗವಾಯಿಗಳೂ ಅವರ ಸಂಚಾರ ಪಾಠಶಾಲೆಯೂ

ಕನ್ನಡನಾಡಿನಲ್ಲಿ ಸಂಗೀತವಿದ್ಯೆಗೆ ಬಹುಕಾಲದಿಂದ ಇದ್ದ ಆಶ್ರಯಗಳು ಮುಖ್ಯವಾಗಿ ಎರಡು: ಒಂದು ರಾಜಾಸ್ಥಾನ, ಇನ್ನೊಂದು ದೇವಸ್ಥಾನ. ಮೈಸೂರಿನ ಅರಮನೆಯು ಮೊದಲನೆಯದಕ್ಕೆ ನಿದರ್ಶನ. ಮಲೆನಾಡಿನಲ್ಲಿ ಭದ್ರಾತೀರದ ಕಳಸ, ತುಂಗಾತೀರದ ಶೃಂಗೇರಿ ಮೊದಲಾದ ಕ್ಷೇತ್ರಗಳು ಎರಡನೆಯದಕ್ಕೆ ನಿದರ್ಶನ. ಅಲ್ಲಿ ಗೀತವು ದೇವರ ಉಪಚಾರಗಳಲ್ಲೊಂದು. ಈ ಎರಡೂ ಆಶ್ರಯಗಳು ಸ್ಥಾವರವಾದವು. ವಿದ್ಯಾರ್ಥಿಯೇ ಅವನ್ನು ಅರಸಿಕೊಂಡು ಹೋಗಬೇಕು. ಮೂರನೆಯ ದಾರಿಯೊಂದು ಉಂಟು. ತಂಬೂರಿ ಹಿಡಿದ ಹರಿದಾಸರೂ ಜೋಳಿಗೆ ಹೊತ್ತ ಜಂಗಮರೂ ಹಾಡನ್ನು ಊರಿಂದೂರಿಗೆ ಒಯ್ದರು. ಆದರೆ ಹಾಡಿನೊಡನೆ ಪಾಠಶಾಲೆಯನ್ನೂ ಒಯ್ದವರು ವಿರಳ. ಆ ವಿರಳರಲ್ಲಿ ಪಂಚಾಕ್ಷರಿ ಗವಾಯಿಗಳು ಅಗ್ರಗಣ್ಯರು.

ಇವರು 1892ನೆಯ ಇಸವಿ ಫೆಬ್ರವರಿ 2ರಂದು ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಬಾಲ್ಯದ ಹೆಸರು ಗದಿಗೆಯ್ಯ. ಇವರೂ ಇವರ ಅಣ್ಣ ಗುರುಬಸವಯ್ಯನವರೂ ಅಂಧರು. ಬಡವರ ಮನೆಯ ಅಂಧ ಬಾಲಕನಿಗೆ ಭಿಕ್ಷಾಟನೆಯಲ್ಲದೆ ಅನ್ಯಗತಿ ಕಾಣದಿದ್ದ ಕಾಲವದು. ಬಾಲಕರ ಕಂಠಮಾಧುರ್ಯವನ್ನು ಮೆಚ್ಚಿ ಅವರ ಶಿಕ್ಷಣಭಾರವನ್ನು ವಹಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು (1867–1930). 1909ರಲ್ಲಿ ಮಲಪ್ರಭಾತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರೂ ಇವರೇ. ಗದಿಗೆಯ್ಯನವರು ಮೊದಲು ಕರ್ನಾಟಕ ಪದ್ಧತಿಯನ್ನು ಕಲಿತರು. ಅನಂತರ ಮಿರಜಿಯ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ಥಾನಿ ಪದ್ಧತಿಯನ್ನು ಅಭ್ಯಸಿಸಿದರು. ಮಲ್ಲಿಕಾರ್ಜುನ ಮನಸೂರರಿಗೆ ಗುರುಗಳಾದವರೂ ಈ ನೀಲಕಂಠ ಬುವಾ ಅವರೇ. ಉಭಯಗಾನವಿಶಾರದರೆಂಬ ಬಿರುದು ಪಂಚಾಕ್ಷರಿ ಗವಾಯಿಗಳಿಗೆ ಹೀಗೆ ಅನ್ವರ್ಥವಾಯಿತು.

ಎರಡು ಪದ್ಧತಿಗಳಲ್ಲಿಯೂ ಇಂಥ ಅಧಿಕಾರವುಳ್ಳ ಗವಾಯಿಗಳು ಸಂಚಾರವನ್ನು ಆಯ್ದುಕೊಂಡರು. ಅಂಧರು, ಅನಾಥರು, ಬಡವರ ಮಕ್ಕಳು ಅವರ ಶಿಷ್ಯರು. ಗುರುವು ಎಲ್ಲಿ ಬೀಡುಬಿಟ್ಟರೆ ಅಲ್ಲಿಯೇ ಪಾಠ. ಊರವರು ಗಾನಕ್ಕೆ ಮೆಚ್ಚಿ ಕೊಟ್ಟ ದವಸಧಾನ್ಯ, ಹಣಗಳಿಂದಲೇ ಎಲ್ಲರ ಅಶನ. ಮುಂದೆ ಇದೇ ಪೋಷಣೆಗಾಗಿ ನಾಟಕ ಮಂಡಳಿಯೂ ಕೂಡಿಕೊಂಡಿತು. ಜಂಗಮನು ಪಡೆದ ಕಾಣಿಕೆ ತನಗಾಗಿ ಅಲ್ಲ, ದಾಸೋಹಕ್ಕಾಗಿ ಎಂಬ ಶರಣಧರ್ಮವೇ ಇದಕ್ಕೆ ಮೂಲ. ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರೂ ಯಲಿವಾಳದ ಬಸವರಾಜ ರಾಜಗುರುಗಳೂ ಈ ದಾಸೋಹದ ಫಲವೇ.

ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಗಾಯಕರನ್ನು ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾನೆ. ನ್ಯೂನತೆಯಿಲ್ಲದಂತೆ ಕಲಿಸಬಲ್ಲವನೇ ಶಿಕ್ಷಾಕಾರ. ಎಣಿಕೆಯಲ್ಲಿ ಅವನೇ ಮೊದಲು ಬರುತ್ತಾನೆ. ಸಭಾರಂಜನೆಯೊಂದರಿಂದಲೇ ಗಾಯಕನ ಯೋಗ್ಯತೆಯನ್ನು ಅಳೆಯುವವರು ಈ ಕ್ರಮವನ್ನು ಗಮನಿಸುವುದು ಯುಕ್ತ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆದಾಗ ತರುಣ ರಾಜಗುರುಗಳು ಹಾಡಿದರು; ಗವಾಯಿಗಳು ತಾವೇ ತಬಲಾ ನುಡಿಸಿದರು. ಶಿಷ್ಯನು ಮುಂದೆ, ಗುರುವು ಪಕ್ಕವಾದ್ಯದಲ್ಲಿ: ಶಿಕ್ಷಾಕಾರನ ಲಕ್ಷಣಕ್ಕೆ ಇದಕ್ಕಿಂತ ಉತ್ತಮವಾದ ಲಕ್ಷ್ಯವು ದೊರೆಯುವುದು ಕಷ್ಟ.

ಆದರೆ ಸಂಚಾರ ಪಾಠಶಾಲೆಗೆ ಒಂದು ದೌರ್ಬಲ್ಯವೂ ಉಂಟು. ಅಂದಿನ ಕಾಣಿಕೆ ಅಂದಿಗೇ ತೀರುವುದು. ಗುರುವು ಮರೆಯಾದರೆ ಶಾಲೆಯೂ ಮರೆಯಾಗುವುದು. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡುದರಿಂದ ಈ ಅಪಾಯ ತಪ್ಪಿತು. 1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜರು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ, ಅರುವತ್ತಾರು ವರ್ಷಗಳ ಕಾಲ, ಅದನ್ನು ನಡೆಸಿದರು. ಅಂಧನು ಅಂಧನಿಗೆ ದಾರಿ ತೋರಲಾರನೆಂಬ ಲೋಕೋಕ್ತಿಯನ್ನು ಈ ಗುರುಶಿಷ್ಯರು ಸುಳ್ಳಾಗಿಸಿದರು. ಭಿಕ್ಷೆಗೆ ಕೈಯೊಡ್ಡಬೇಕಾಗಿದ್ದ ಬಾಲಕರು ವಿದ್ಯೆಯಿಂದ ಜೀವಿಸುವವರಾದರು.

ಆದುದರಿಂದ ಗವಾಯಿಗಳ ಚರಿತ್ರೆಯನ್ನು ಬರೆಯುವಾಗ ನಾದಸಾಧನೆಯನ್ನು ಒಂದು ಪ್ರಕರಣದಲ್ಲಿಯೂ ಲೋಕಸೇವೆಯನ್ನು ಮತ್ತೊಂದರಲ್ಲಿಯೂ ಇರಿಸುವುದು ಸಮಂಜಸವಲ್ಲ. ಅವರಿಗೆ ಗಾನವೇ ಶಿವಪೂಜೆ. ಆ ಪೂಜೆಯ ಪ್ರಸಾದವು ಅನ್ನರೂಪವಾಗಿಯೂ ವಿದ್ಯಾರೂಪವಾಗಿಯೂ ಹಂಚಲ್ಪಟ್ಟಿತು. ರಾಜಾಸ್ಥಾನಗಳು ಅಳಿದುಹೋದ ಮೇಲೆಯೂ ಉಳಿದುನಿಂತ ಸಂಗೀತಾಶ್ರಯವೊಂದು ಜೋಳಿಗೆಯಿಂದ ಹುಟ್ಟಿತೆಂಬುದು ಕರ್ನಾಟಕದ ಸಂಗೀತಚರಿತ್ರೆಯಲ್ಲಿ ವಿಶೇಷವಾಗಿ ಗಣನೀಯವಾದ ಸಂಗತಿ.