ಚಟ ಬಿಡುವುದು ಮತ್ತು ಬದಲಾಗುವುದು

ರಮಝಾನ್ ತಿಂಗಳಿಡೀ ಹಗಲಿನಲ್ಲಿ ಬೀಡಿ, ಗುಟ್ಕಾಗಳನ್ನು ಮುಟ್ಟದ ನಮ್ಮ ಕೆಲವು ಸಹೋದರರು ಈದ್ ನಮಾಝ್ ಮುಗಿಸಿ ಮರಳುವ ದಾರಿಯಲ್ಲೇ ಅಂಗಡಿಯ ಮುಂದೆ ನಿಲ್ಲುತ್ತಾರೆ. ಒಂದು ತಿಂಗಳು ತಡೆದುಕೊಳ್ಳಲು ಶಕ್ತರಾದವರು ಮರುದಿನವೇ ಸೋಲುವುದೇಕೆ? ಉತ್ತರಕ್ಕಾಗಿ ನಾವು ಚರಿತ್ರೆಯತ್ತ ನೋಡೋಣ.

ಅರಬರ ಬದುಕಿನಲ್ಲಿ ಮದ್ಯವು ಬೆರೆತುಹೋಗಿತ್ತು. ಅದರ ನಿಷೇಧ ಒಂದೇ ಆಜ್ಞೆಯಲ್ಲಿ ಬರಲಿಲ್ಲ. ಅದರ ಪ್ರಯೋಜನಕ್ಕಿಂತ ಪಾಪವೇ ದೊಡ್ಡದೆಂದು ಅಲ್ ಬಕರಃ ಅಧ್ಯಾಯವು ತಿಳಿಸಿತು. ಅಮಲಿನಲ್ಲಿರುವಾಗ ನಮಾಝಿನ ಸಮೀಪ ಹೋಗಬಾರದೆಂದು ಅನ್ನಿಸಾ ಅಧ್ಯಾಯವು ತಡೆಯಿತು. ಅಲ್ ಮಾಇದಃ ಅಧ್ಯಾಯವು ಅದನ್ನು ಸಂಪೂರ್ಣ ನಿಷೇಧಿಸಿತು. ಮೊದಲು ಅವತೀರ್ಣವಾದದ್ದು ಸ್ವರ್ಗ ನರಕಗಳ ವಿಚಾರ. ಆರಂಭದಲ್ಲೇ ಮದ್ಯ ಬಿಡಿರೆಂದಿದ್ದರೆ ಜನರು ಒಪ್ಪುತ್ತಿರಲಿಲ್ಲ ಎಂದು ಹಝ್ರತ್ ಆಯಿಶಾ(ರ) ವಿವರಿಸಿದ್ದು ಬುಖಾರಿಯಲ್ಲಿದೆ. ಹೃದಯ ಸಿದ್ಧವಾಗಿದ್ದುದರಿಂದಲೇ ಘೋಷಣೆ ಕಿವಿಗೆ ಬಿದ್ದೊಡನೆ ಅಬೂ ತಲ್‌ಹಾ(ರ) ಮನೆಯಲ್ಲಿದ್ದ ಮದ್ಯವನ್ನು ಚೆಲ್ಲಿಸಿದರು; ಅದು ಮದೀನಾದ ಬೀದಿಗಳಲ್ಲಿ ಹರಿಯಿತು.

ಆದರೆ ಎಲ್ಲರ ಹೃದಯವೂ ಒಂದೇ ದಿನ ಸಿದ್ಧವಾಗುವುದಿಲ್ಲ. ತಾಯಿಫಿನ ಸಖೀಫ್ ಗೋತ್ರದ ಕವಿ, ವೀರ ಅಬೂ ಮಿಹ್‌ಜನ್(ರ) ಮದ್ಯಪಾನಕ್ಕಾಗಿ ಹಲವು ಬಾರಿ ಚಡಿಯೇಟು ತಿಂದವರು. ಪ್ರತಿ ಸಲವೂ ಮತ್ತೆ ಅದರತ್ತ ಮರಳಿದರು. ಕ್ರಿ.ಶ. 636ರ ಸುಮಾರಿಗೆ ಕಾದಿಸಿಯ್ಯಾ ಯುದ್ಧ ನಡೆದಾಗ ಅವರು ಸೇನಾಪತಿ ಸಅದ್ ಬಿನ್ ಅಬೀ ವಕ್ಕಾಸ್(ರ)ರ ಬಂಧನದಲ್ಲಿದ್ದರು. ರಣರಂಗದ ಸದ್ದು ಕೇಳಿ ಅವರಿಗೆ ತಾಳಲಾಗಲಿಲ್ಲ. ಬದುಕುಳಿದರೆ ಮರಳಿ ಬಂದು ಸಂಕೋಲೆ ತೊಡುವೆನೆಂದು ಸಅದ್‌ರ ಪತ್ನಿಗೆ ಮಾತು ಕೊಟ್ಟು, ಬಲ್ಕಾ ಎಂಬ ಕುದುರೆಯೇರಿ ಹೋರಾಡಿದರು. ಕೊಟ್ಟ ಮಾತಿನಂತೆ ಮರಳಿ ಬಂದು ತಾವೇ ಕಾಲಿಗೆ ಸಂಕೋಲೆ ತೊಟ್ಟುಕೊಂಡರು.

ವಿಷಯ ತಿಳಿದ ಸಅದ್(ರ), ಇನ್ನೆಂದೂ ನಿಮಗೆ ಚಡಿಯೇಟು ಕೊಡಿಸುವುದಿಲ್ಲ ಎಂದರು. ಅದಕ್ಕೆ ಅಬೂ ಮಿಹ್‌ಜನ್(ರ), ಶಿಕ್ಷೆಯು ನನ್ನನ್ನು ಶುದ್ಧಗೊಳಿಸುತ್ತಿದ್ದಾಗ ಕುಡಿಯುತ್ತಿದ್ದೆ, ಇನ್ನು ಮುಂದೆ ಎಂದಿಗೂ ಕುಡಿಯಲಾರೆ ಎಂದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ.

ಚಡಿಯೇಟು ಬಿಡಿಸಲಾಗದ ಚಟವನ್ನು ಚಡಿಯೇಟಿನ ಭಯ ತೊಲಗಿದ ದಿನ ಅವರು ಬಿಟ್ಟರು. ಏಕೆ? ಕಾವಲುಗಾರನಿಲ್ಲದಿದ್ದರೂ ಸಂಕೋಲೆಗೆ ಮರಳಿದಾಗಲೇ ಅವರು ಬದಲಾಗಿದ್ದರು. ಬದಲಾವಣೆ ಮೊದಲು ಬಂತು, ಚಟ ಬಿಟ್ಟದ್ದು ಅನಂತರ.

ಇಮಾಮ್ ನವವಿಯವರು ರಿಯಾದುಸ್ಸಾಲಿಹೀನ್ ಗ್ರಂಥದಲ್ಲಿ ತೌಬಾಕ್ಕೆ ಮೂರು ಷರತ್ತುಗಳನ್ನು ಹೇಳಿದ್ದಾರೆ: ಪಾಪವನ್ನು ಬಿಡುವುದು, ಅದಕ್ಕಾಗಿ ಮರುಗುವುದು, ಮರಳುವುದಿಲ್ಲವೆಂದು ದೃಢವಾಗಿ ಸಂಕಲ್ಪಿಸುವುದು. ಪಾಪವು ಇತರರ ಹಕ್ಕಿಗೆ ಸಂಬಂಧಿಸಿದ್ದರೆ ಆ ಹಕ್ಕನ್ನು ಮರಳಿಸುವುದು ನಾಲ್ಕನೆಯದು. ಚಟ ಬಿಡುವುದು ಇವುಗಳಲ್ಲಿ ಒಂದು ಮಾತ್ರ. ಉಳಿದವು ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ.

ಮಗನ ಜೇಬು ತಡಕಿ ಗದರಿಸುವ ನಾವು ಅವನಿಗೆ ಮೊದಲನೆಯದನ್ನು ಮಾತ್ರ ಕಲಿಸುತ್ತಿದ್ದೇವೆ. ತಂದೆ ನೋಡದಿದ್ದರೂ ಅಲ್ಲಾಹನು ನೋಡುತ್ತಿದ್ದಾನೆಂಬ ಅರಿವನ್ನು ಅವನಲ್ಲಿ ಬೆಳೆಸಿದ್ದೇವೆಯೇ? ನಾವು ಅವನ ಮಾತನ್ನು ನಂಬಿದ ಒಂದು ದಿನವಾದರೂ ಇದೆಯೇ? ಜಾರಿದ ಮಗನ ಮುಂದೆ ಬಾಗಿಲು ಮುಚ್ಚದಿರೋಣ. ತೌಬಾದ ಬಾಗಿಲನ್ನು ಅಲ್ಲಾಹನು ತೆರೆದೇ ಇಟ್ಟಿದ್ದಾನೆ. ನಮ್ಮ ಹೃದಯಗಳನ್ನು ಅವನು ಬದಲಿಸಲಿ, ಆಮೀನ್.