ಸ್ಪೈವೇರ್ ನಿರೋಧಕ ತಂತ್ರಾಂಶ

ಸ್ಪೈವೇರ್ ನಿರೋಧಕ ತಂತ್ರಾಂಶ ಎಂಬುದು ಬಳಕೆದಾರರ ಅರಿವಿಗೆ ಬಾರದಂತೆ ಗಣಕಯಂತ್ರವನ್ನು ಸೇರಿಕೊಂಡು, ಅವರ ಚಟುವಟಿಕೆಗಳ ವಿವರಗಳನ್ನು ಹೊರಗಿನವರಿಗೆ ರವಾನಿಸುವ ತಂತ್ರಾಂಶಗಳನ್ನು ಪತ್ತೆಹಚ್ಚಿ, ತಡೆದು, ತೆಗೆದುಹಾಕುವ ಸಾಧನ. ಹೀಗೆ ಕದ್ದು ನೋಡುವ ತಂತ್ರಾಂಶಗಳನ್ನು ಸ್ಪೈವೇರ್ ಅಥವಾ ಗೂಢಚಾರಿ ತಂತ್ರಾಂಶ ಎನ್ನುತ್ತಾರೆ. ಕಾವಲಿಗೆ ನಿಲ್ಲುವ ತಂತ್ರಾಂಶಕ್ಕೆ ಗಣಕಯಂತ್ರದ ಎಲ್ಲ ಕಡತಗಳನ್ನೂ ತೆರೆದು ನೋಡುವ ಅಧಿಕಾರ ಬೇಕಾಗುತ್ತದೆ. ಆದ್ದರಿಂದ ಮನೆಬಳಕೆಯ ಗಣಕಯಂತ್ರಕ್ಕೆ ಇಂತಹ ತಂತ್ರಾಂಶವನ್ನು ಆರಿಸುವಾಗ ಅದರ ಸಾಮರ್ಥ್ಯದಷ್ಟೇ ಅದರ ವಿಶ್ವಾಸಾರ್ಹತೆಯೂ ಮುಖ್ಯವಾಗುತ್ತದೆ.

ಸ್ಪೈವೇರ್‌ನ ಸ್ವರೂಪ

ಕಂಪ್ಯೂಟರ್ ವೈರಸ್ ತನ್ನ ಪ್ರತಿಗಳನ್ನು ತಾನೇ ಸೃಷ್ಟಿಸಿಕೊಂಡು ಹರಡುತ್ತದೆ. ಸ್ಪೈವೇರ್ ಸಾಮಾನ್ಯವಾಗಿ ಹಾಗೆ ಹರಡದೆ, ಒಂದೇ ಯಂತ್ರದಲ್ಲಿ ಸದ್ದಿಲ್ಲದೆ ಉಳಿದು ಮಾಹಿತಿ ಸಂಗ್ರಹಿಸುತ್ತದೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳನ್ನು ದಾಖಲಿಸುವ ಕೀಲಾಗರ್, ಭೇಟಿ ನೀಡಿದ ಜಾಲತಾಣಗಳನ್ನು ಗಮನಿಸಿ ಜಾಹೀರಾತು ತೋರಿಸುವ ಆಡ್‌ವೇರ್, ಬ್ರೌಸರ್‌ನ ಮುಖಪುಟವನ್ನೂ ಹುಡುಕು ತಾಣವನ್ನೂ ಬದಲಿಸುವ ತಂತ್ರಾಂಶ ಇವು ಅದರ ಪ್ರಮುಖ ಬಗೆಗಳು. ಇವುಗಳಲ್ಲಿ ಹಲವು ಉಚಿತ ತಂತ್ರಾಂಶಗಳ ಜೊತೆಗೂಡಿ ಬರುತ್ತವೆ. ದೀರ್ಘವಾದ ಪರವಾನಗಿ ಪತ್ರವನ್ನು ಓದದೆ ಒಪ್ಪಿಗೆಯ ಗುಂಡಿಯನ್ನು ಒತ್ತಿದ ಬಳಕೆದಾರರೇ ಅವುಗಳಿಗೆ ಬಾಗಿಲು ತೆರೆದಂತಾಗುತ್ತದೆ. ಕಾನೂನಿನ ದೃಷ್ಟಿಯಿಂದ ಸ್ಪೈವೇರನ್ನು ಗುರುತಿಸುವುದು ವೈರಸ್ಸನ್ನು ಗುರುತಿಸುವುದಕ್ಕಿಂತ ತೊಡಕಿನದಾಗಲು ಈ ಒಪ್ಪಿಗೆಯೇ ಮುಖ್ಯ ಕಾರಣ.

ಇತಿಹಾಸ

ಸ್ಪೈವೇರ್ ಎಂಬ ಪದ 1995ರಲ್ಲಿ ಯೂಸ್‌ನೆಟ್ ಚರ್ಚಾಕೂಟದ ಒಂದು ಬರಹದಲ್ಲಿ ಕಾಣಿಸಿಕೊಂಡಿತು. ಇಂದಿನ ಅರ್ಥದಲ್ಲಿ ಅದು ಬಳಕೆಗೆ ಬಂದದ್ದು 2000ದ ಸುಮಾರಿಗೆ. ಅಮೆರಿಕದ ತಂತ್ರಾಂಶ ತಜ್ಞ ಸ್ಟೀವ್ ಗಿಬ್ಸನ್ ಅವರು ತಮ್ಮ ಗಣಕಯಂತ್ರದಲ್ಲಿ ಜಾಹೀರಾತು ತಂತ್ರಾಂಶವೊಂದು ತಿಳಿಯದಂತೆ ಸೇರಿಕೊಂಡಿರುವುದನ್ನು ಕಂಡು, ಅದನ್ನು ತೆಗೆದುಹಾಕಲು ಆಪ್ಟ್‌ಔಟ್ ಎಂಬ ಸಾಧನವನ್ನು ರಚಿಸಿದರು. ಇದು ಈ ವರ್ಗದ ಮೊದಲ ತಂತ್ರಾಂಶಗಳಲ್ಲಿ ಒಂದು. ಲಾವಾಸಾಫ್ಟ್ ಸಂಸ್ಥೆಯ ಆಡ್-ಅವೇರ್ ಮತ್ತು ಜರ್ಮನಿಯ ಪ್ಯಾಟ್ರಿಕ್ ಕೊಲ್ಲಾ ಅವರು ರಚಿಸಿದ ಸ್ಪೈಬಾಟ್ ಸರ್ಚ್ ಅಂಡ್ ಡೆಸ್ಟ್ರಾಯ್ ಅದೇ ಕಾಲದಲ್ಲಿ ಜನಪ್ರಿಯವಾದವು.

ಮೈಕ್ರೋಸಾಫ್ಟ್ ಸಂಸ್ಥೆಯು 2004ರ ಡಿಸೆಂಬರ್‌ನಲ್ಲಿ ಜಯಂಟ್ ಕಂಪನಿ ಸಾಫ್ಟ್‌ವೇರ್ ಎಂಬ ಸಂಸ್ಥೆಯನ್ನು ಕೊಂಡುಕೊಂಡಿತು. ಆ ಸಂಸ್ಥೆಯ ಸ್ಪೈವೇರ್ ನಿರೋಧಕವೇ ಮುಂದೆ 2006ರಲ್ಲಿ ವಿಂಡೋಸ್ ಡಿಫೆಂಡರ್ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. 2012ರ ವಿಂಡೋಸ್ 8ರಿಂದ ಅದು ವೈರಸ್‌ಗಳನ್ನೂ ತಡೆಯುವ ಪೂರ್ಣ ರಕ್ಷಣಾ ತಂತ್ರಾಂಶವಾಯಿತು. ಇಂದು ಸ್ಪೈವೇರ್ ನಿರೋಧಕ ಮತ್ತು ವೈರಸ್ ನಿರೋಧಕಗಳ ನಡುವಿನ ಗೆರೆ ಬಹುಮಟ್ಟಿಗೆ ಅಳಿಸಿಹೋಗಿದೆ.

ಕಾರ್ಯವಿಧಾನ

ಈ ತಂತ್ರಾಂಶಗಳು ಮುಖ್ಯವಾಗಿ ಎರಡು ರೀತಿಯಲ್ಲಿ ಪತ್ತೆಕಾರ್ಯ ನಡೆಸುತ್ತವೆ. ಮೊದಲನೆಯದು ಗುರುತುಪಟ್ಟಿಯ ವಿಧಾನ. ಈಗಾಗಲೇ ತಿಳಿದಿರುವ ಕುತಂತ್ರಾಂಶಗಳ ಲಕ್ಷಣಗಳ ಪಟ್ಟಿಯೊಂದಿಗೆ ಕಡತಗಳನ್ನು ಹೋಲಿಸಲಾಗುತ್ತದೆ. ಪಟ್ಟಿ ಹಳೆಯದಾದರೆ ಹೊಸ ಸ್ಪೈವೇರ್ ನುಸುಳಿಕೊಳ್ಳುವುದರಿಂದ ಅದನ್ನು ನಿತ್ಯವೂ ನವೀಕರಿಸಬೇಕು. ಎರಡನೆಯದು ನಡವಳಿಕೆಯ ವಿಧಾನ. ಅಪರಿಚಿತ ತಂತ್ರಾಂಶವೊಂದು ಕೀಲಿಮಣೆಯನ್ನು ಗಮನಿಸುವುದು, ವ್ಯವಸ್ಥೆಯ ಕಡತಗಳನ್ನು ತಿದ್ದುವುದು ಮೊದಲಾದ ಕೆಲಸಗಳಿಗೆ ತೊಡಗಿದಾಗ ಅದನ್ನು ತಡೆಯಲಾಗುತ್ತದೆ. ಅನುಮಾನಾಸ್ಪದ ಕಡತಗಳನ್ನು ಕೂಡಲೇ ಅಳಿಸದೆ ಪ್ರತ್ಯೇಕವಾಗಿ ಬಂಧನದಲ್ಲಿಡುವುದು ವಾಡಿಕೆ. ಪತ್ತೆ ತಪ್ಪಾಗಿದ್ದರೆ ಅವುಗಳನ್ನು ಮರಳಿ ಪಡೆಯಬಹುದು.

ತಪ್ಪು ಪತ್ತೆಯಿಂದ ಗಂಭೀರ ಪರಿಣಾಮಗಳಾದದ್ದೂ ಉಂಟು. 2010ರ ಏಪ್ರಿಲ್ 21ರಂದು ಮೆಕಾಫಿ ಸಂಸ್ಥೆಯ ನವೀಕರಣವೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವನ್ನೇ ವೈರಸ್ ಎಂದು ಭಾವಿಸಿದ್ದರಿಂದ ಹಲವು ದೇಶಗಳಲ್ಲಿ ಗಣಕಯಂತ್ರಗಳು ಸ್ಥಗಿತಗೊಂಡವು.

ನಕಲಿ ನಿರೋಧಕಗಳು

ಸ್ಪೈವೇರ್‌ನ ಭಯವನ್ನೇ ಬಂಡವಾಳ ಮಾಡಿಕೊಂಡ ನಕಲಿ ನಿರೋಧಕಗಳು 2003ರ ನಂತರ ಹೆಚ್ಚಾಗಿ ಕಾಣಿಸಿಕೊಂಡವು. ಜಾಲತಾಣವನ್ನು ನೋಡುತ್ತಿರುವಾಗ ಇದ್ದಕ್ಕಿದ್ದಂತೆ ಕಿಟಕಿಯೊಂದು ತೆರೆದು, ಗಣಕಯಂತ್ರದಲ್ಲಿ ನೂರಾರು ಅಪಾಯಗಳು ಕಂಡುಬಂದಿವೆ ಎಂದು ಎಚ್ಚರಿಸುತ್ತದೆ. ವಾಸ್ತವದಲ್ಲಿ ಸಾಮಾನ್ಯ ಜಾಲಪುಟವೊಂದು ಗಣಕಯಂತ್ರದ ಕಡತಗಳನ್ನೆಲ್ಲ ತಾನಾಗಿ ಪರೀಕ್ಷಿಸಲಾರದು. ಪರೀಕ್ಷೆಯಂತೆ ಕಾಣುವುದು ಚಲಿಸುವ ಚಿತ್ರ ಮಾತ್ರ. ಭಯಗೊಂಡ ಬಳಕೆದಾರರು ಹಣ ತೆತ್ತು ಸ್ಥಾಪಿಸಿಕೊಳ್ಳುವ ತಂತ್ರಾಂಶವು ಏನನ್ನೂ ಮಾಡದಿರಬಹುದು, ಇಲ್ಲವೆ ತಾನೇ ಸ್ಪೈವೇರ್ ಆಗಿರಬಹುದು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2005ರಲ್ಲಿ ಸ್ಪೈವೇರ್ ಅಸಾಸಿನ್ ಎಂಬ ತಂತ್ರಾಂಶದ ಮಾರಾಟಗಾರರ ವಿರುದ್ಧ ಮೊಕದ್ದಮೆ ಹೂಡಿತು. ಸ್ಪೈವೇರ್ ಇಲ್ಲದ ಯಂತ್ರದಲ್ಲೂ ಸ್ಪೈವೇರ್ ಇದೆಯೆಂದು ತೋರಿಸುತ್ತಿತ್ತು ಎಂಬುದು ಆರೋಪ. 2006ರಲ್ಲಿ ವಾಷಿಂಗ್ಟನ್ ರಾಜ್ಯವು ಸ್ಪೈವೇರ್ ಕ್ಲೀನರ್‌ನ ಮಾರಾಟಗಾರರ ವಿರುದ್ಧ ಹೂಡಿದ ದಾವೆ 10 ಲಕ್ಷ ಡಾಲರ್‌ಗಳ ಒಪ್ಪಂದದಲ್ಲಿ ಮುಗಿಯಿತು. ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಮೊದಲಾದವುಗಳ ವಿರುದ್ಧ 2008ರಲ್ಲಿ ಕಮಿಷನ್ ಹೂಡಿದ ಮೊಕದ್ದಮೆಯಲ್ಲಿ 10 ಲಕ್ಷಕ್ಕೂ ಹೆಚ್ಚು ಗ್ರಾಹಕರು ಮೋಸಹೋಗಿದ್ದಾರೆಂದು ಹೇಳಲಾಗಿತ್ತು. 2012ರಲ್ಲಿ ನ್ಯಾಯಾಲಯವು 16.3 ಕೋಟಿ ಡಾಲರ್‌ಗಳ ತೀರ್ಪು ನೀಡಿತು.

ನಂಬಿಕೆಯ ಪ್ರಶ್ನೆ

ನಕಲಿಯಲ್ಲದ, ಹೆಸರುವಾಸಿಯಾದ ತಂತ್ರಾಂಶಗಳ ವಿಷಯದಲ್ಲೂ ನಂಬಿಕೆಯ ಪ್ರಶ್ನೆ ಎದ್ದಿದೆ. ಅವಾಸ್ಟ್ ವೈರಸ್ ನಿರೋಧಕದ ಬಳಕೆದಾರರ ಜಾಲಸಂಚಾರದ ವಿವರಗಳನ್ನು ಅದರ ಅಂಗಸಂಸ್ಥೆಯಾದ ಜಂಪ್‌ಶಾಟ್ ಮಾರಾಟ ಮಾಡುತ್ತಿತ್ತೆಂಬುದು 2020ರ ಜನವರಿಯಲ್ಲಿ ಬಹಿರಂಗವಾಯಿತು. ಕೂಡಲೇ ಜಂಪ್‌ಶಾಟ್ ಮುಚ್ಚಲಾಯಿತು. 2024ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್‌ಗೆ 1.65 ಕೋಟಿ ಡಾಲರ್ ಪಾವತಿಸುವಂತೆ ಸೂಚಿಸಿತು. ಜಾಹೀರಾತಿನ ಉದ್ದೇಶಕ್ಕೆ ಇಂತಹ ವಿವರಗಳ ಮಾರಾಟವನ್ನೂ ನಿಷೇಧಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಂತಹ ಸಂದರ್ಭಕ್ಕೆ ಸರಿಯಾಗಿ ಒಪ್ಪುತ್ತದೆ.

ತಯಾರಕ ಸಂಸ್ಥೆ ಯಾವ ದೇಶದ ಆಡಳಿತಕ್ಕೆ ಒಳಪಟ್ಟಿದೆ ಎಂಬುದೂ ಚರ್ಚೆಯ ವಿಷಯವಾಗಿದೆ. ರಷ್ಯಾ ಮೂಲದ ಕ್ಯಾಸ್ಪರ್‌ಸ್ಕೀ ತಂತ್ರಾಂಶದ ಮಾರಾಟವನ್ನು ಅಮೆರಿಕವು ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ 2024ರಲ್ಲಿ ನಿಷೇಧಿಸಿತು. ಸಂಸ್ಥೆಯು ಆರೋಪಗಳನ್ನು ನಿರಾಕರಿಸಿದೆ.

ಆಯ್ಕೆಯ ಮಾನದಂಡಗಳು

ಮನೆಬಳಕೆಗೆ ತಂತ್ರಾಂಶವನ್ನು ಆರಿಸುವಾಗ ಸಾಮಾನ್ಯವಾಗಿ ಪರಿಗಣಿಸುವ ಅಂಶಗಳು ಹೀಗಿವೆ:

• ಮೂಲ: ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಅಂತರ್ಗತವಾಗಿದೆ. ಬೇರೆ ತಂತ್ರಾಂಶ ಬೇಕಾದಲ್ಲಿ ತಯಾರಕರ ಅಧಿಕೃತ ತಾಣದಿಂದಲೇ ಪಡೆಯಬೇಕು. ತಾನಾಗಿ ತೆರೆದುಕೊಂಡ ಎಚ್ಚರಿಕೆಯ ಕಿಟಕಿಯಿಂದ ಪಡೆಯಬಾರದು.
• ಸ್ವತಂತ್ರ ಪರೀಕ್ಷೆ: ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆಗಳು ತಮ್ಮ ಫಲಿತಾಂಶಗಳನ್ನು ನಿಯತವಾಗಿ ಪ್ರಕಟಿಸುತ್ತವೆ. ಪತ್ತೆಯ ಪ್ರಮಾಣದ ಜೊತೆಗೆ ತಪ್ಪು ಪತ್ತೆಗಳನ್ನೂ, ಯಂತ್ರದ ವೇಗದ ಮೇಲಿನ ಪರಿಣಾಮವನ್ನೂ ಗಮನಿಸಬೇಕು.
• ಆದಾಯದ ಮೂಲ: ಉಚಿತವಾಗಿ ಸಿಗುವ ತಂತ್ರಾಂಶದ ತಯಾರಕರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಅದರ ಗೋಪ್ಯತಾ ನೀತಿಯಿಂದ ತಿಳಿಯಬಹುದು.
• ತೆಗೆದುಹಾಕುವ ಸೌಲಭ್ಯ: ಬೇಡವಾದಾಗ ಸುಲಭವಾಗಿ ಪೂರ್ಣವಾಗಿ ತೆಗೆಯುವಂತಿರಬೇಕು.
• ಒಂದೇ ಕಾವಲುಗಾರ: ಸದಾ ಕಾವಲಿರುವ ಎರಡು ನಿರೋಧಕಗಳು ಏಕಕಾಲಕ್ಕೆ ಇದ್ದರೆ ಒಂದು ಇನ್ನೊಂದಕ್ಕೆ ಅಡ್ಡಿಯಾಗಬಹುದು.

ಭಾರತದಲ್ಲಿ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಕಲಮಿನ ಪ್ರಕಾರ ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರದಿಂದ ಮಾಹಿತಿ ಪಡೆಯುವುದು ಹಾಗೂ ಅದಕ್ಕೆ ಕುತಂತ್ರಾಂಶ ಸೇರಿಸುವುದು ಪರಿಹಾರ ತೆರಬೇಕಾದ ತಪ್ಪು. ದುರುದ್ದೇಶದಿಂದ ಹೀಗೆ ಮಾಡಿದರೆ 66ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು 2017ರಿಂದ ಕುತಂತ್ರಾಂಶ ತೆಗೆದುಹಾಕುವ ಸಾಧನಗಳನ್ನು ಉಚಿತವಾಗಿ ಒದಗಿಸುತ್ತಿದೆ. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರು 1930 ಸಹಾಯವಾಣಿಗೆ ದೂರು ನೀಡಬಹುದು. ಕರ್ನಾಟಕದಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ಮಿತಿಗಳು

ಯಾವ ನಿರೋಧಕವೂ ಸಂಪೂರ್ಣ ರಕ್ಷಣೆ ನೀಡಲಾರದು. ತಾಂತ್ರಿಕ ನೆರವಿನ ಸೋಗಿನಲ್ಲಿ ದೂರವಾಣಿ ಕರೆ ಮಾಡುವ ವಂಚಕರು, ದೂರದಿಂದ ಗಣಕಯಂತ್ರವನ್ನು ನಿಯಂತ್ರಿಸುವ ತಂತ್ರಾಂಶವನ್ನು ಬಳಕೆದಾರರಿಂದಲೇ ಸ್ಥಾಪಿಸಿಸುತ್ತಾರೆ. ಆ ತಂತ್ರಾಂಶ ಸಕ್ರಮವಾದುದೇ ಆಗಿರುವುದರಿಂದ ನಿರೋಧಕವು ಅನೇಕ ವೇಳೆ ಅದನ್ನು ತಡೆಯುವುದಿಲ್ಲ. ಕಾರ್ಯಾಚರಣಾ ವ್ಯವಸ್ಥೆಯನ್ನೂ ಬ್ರೌಸರನ್ನೂ ನವೀಕರಿಸುತ್ತಿರುವುದು, ದಿನನಿತ್ಯದ ಕೆಲಸಕ್ಕೆ ನಿರ್ವಾಹಕ ಅಧಿಕಾರವಿಲ್ಲದ ಖಾತೆಯನ್ನು ಬಳಸುವುದು, ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಡುವುದು ಆದ್ದರಿಂದ ಅಗತ್ಯ. ಸ್ಪೈವೇರ್ ಸೇರಿದೆಯೆಂಬ ಅನುಮಾನ ಬಂದಾಗ ಯಂತ್ರವನ್ನು ಅಂತರಜಾಲದಿಂದ ಬೇರ್ಪಡಿಸಿ, ಬ್ಯಾಂಕ್ ಹಾಗೂ ಇ-ಅಂಚೆಯ ಗುಪ್ತಪದಗಳನ್ನು ಸೋಂಕಿಲ್ಲದ ಮತ್ತೊಂದು ಸಾಧನದಿಂದ ಬದಲಾಯಿಸಬೇಕು. ಅದೇ ಯಂತ್ರದಲ್ಲಿ ಬದಲಾಯಿಸಿದರೆ ಹೊಸ ಗುಪ್ತಪದವೂ ಕೀಲಾಗರ್‌ನ ಪಾಲಾಗುವ ಸಂಭವವಿದೆ.